ಬಾನ್‌ನ ಹವಾಮಾನ ಮಾತುಕತೆಗೆ ವಿದ್ಯಾರ್ಥಿ ಪ್ರತಿನಿಧಿಯಾಗಿ: ನಾನು ಕೆಲಸ ಮಾಡುವ ಬಗೆ

ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ ಎರಡು ಉಪಸಮಿತಿಗಳು ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ ಜರ್ಮನಿಯ ಬಾನ್‌ನಲ್ಲಿ ಸಭೆ ಸೇರುತ್ತವೆ. ವರ್ಷದ ಕೊನೆಗೆ ನಡೆಯುವ ಸದಸ್ಯ ದೇಶಗಳ ಮಹಾಸಭೆ ‘ಕಾಪ್’ ಜಾತ್ರೆಯಾದರೆ ಇದು ವಾರದ ಸಂತೆ. ಪ್ರಧಾನಿಗಳು ಬರುವುದಿಲ್ಲ, ಕ್ಯಾಮೆರಾ ಕಡಿಮೆ, ಸಂಧಾನಕಾರರು ಮಾತಿಗೆ ಸಿಗುತ್ತಾರೆ. ಮೊದಲ ಸಲ ಹೋಗುವ ವಿದ್ಯಾರ್ಥಿಗೆ ನಾನು ಬಾನ್ ಅನ್ನೇ ಸೂಚಿಸುತ್ತೇನೆ.

ನಮ್ಮಷ್ಟಕ್ಕೆ ನಾವೇ ನೋಂದಾಯಿಸಿಕೊಳ್ಳಲು ಬರುವುದಿಲ್ಲ. ವೀಕ್ಷಕ ಮಾನ್ಯತೆ ಇರುವ ವಿಶ್ವವಿದ್ಯಾಲಯವೋ ಸಂಸ್ಥೆಯೋ ತನ್ನ ಕೋಟಾದಲ್ಲಿ ಹೆಸರು ಕಳಿಸಬೇಕು. ನಮ್ಮ ಕಡೆಯವರು ಎಡವುವುದು ಇಲ್ಲೇ: ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಹೆಸರು, ಸರ್‌ನೇಮ್ ಜಾಗ ಖಾಲಿ. ನೋಂದಣಿ, ವೀಸಾ, ವಿಮಾನದ ಟಿಕೆಟ್ ಮೂರರಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಹಾಕಿ. ಜರ್ಮನಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋಗೆ ಇರಬೇಕು.

ಇನ್ನು ಅಸಲು ಕೆಲಸ. ಕಾರ್ಯಸೂಚಿಯಲ್ಲಿ ಹತ್ತಾರು ವಿಷಯಗಳಿರುತ್ತವೆ. ನಾನು ಒಂದನ್ನೇ ಹಿಡಿಯುತ್ತೇನೆ. ಎಲ್ಲ ಕೋಣೆಗೂ ಇಣುಕುವವನಿಗೆ ಎರಡು ವಾರ ಕಳೆದರೂ ಯಾವ ಜಗಳದ ತಲೆಬುಡವೂ ತಿಳಿಯುವುದಿಲ್ಲ. ಕೃಷಿಯನ್ನು ಆರಿಸಿಕೊಂಡರೆ, ಹಿಂದಿನ ಎರಡು ಅಧಿವೇಶನಗಳ ನಿರ್ಣಯಗಳನ್ನೂ ಮಾತುಕತೆಗಳ ದಿನದಿನದ ಸಾರ ಕೊಡುವ ‘ಅರ್ಥ್ ನೆಗೋಷಿಯೇಷನ್ಸ್ ಬುಲೆಟಿನ್’ ವರದಿಗಳನ್ನೂ ಊರಲ್ಲೇ ಓದಿ ಮುಗಿಸುತ್ತೇನೆ. ಯಾರು ಯಾರ ಪರವಾಗಿ ಮಾತಾಡುತ್ತಾರೆ ಎಂಬುದನ್ನೂ ಬರೆದಿಟ್ಟುಕೊಳ್ಳುತ್ತೇನೆ. ಭಾರತ ತನ್ನ ಹೆಸರಿನಲ್ಲೂ ಮಾತಾಡುತ್ತದೆ. ಅಭಿವೃದ್ಧಿಶೀಲ ದೇಶಗಳ ದೊಡ್ಡ ಕೂಟವಾದ ಜಿ-77 ಮತ್ತು ಚೀನಾ ಗುಂಪಿನಲ್ಲೂ ಸಮಾನಮನಸ್ಕ ಅಭಿವೃದ್ಧಿಶೀಲ ದೇಶಗಳ ಗುಂಪಿನಲ್ಲೂ ಇರುತ್ತದೆ.

ಕರಡು ಕೈಗೆ ಬಂದಾಗ ಕಣ್ಣು ಮೊದಲು ಚೌಕ ಬ್ರಾಕೆಟ್‌ಗಳ ಮೇಲೆ ಹೋಗಬೇಕು. ಅವುಗಳೊಳಗೆ ಇರುವುದು ಇನ್ನೂ ಒಪ್ಪಿಗೆಯಾಗದ ಮಾತು. ಹಳೆಯ ಆವೃತ್ತಿಯನ್ನು ಪಕ್ಕದಲ್ಲಿಟ್ಟು, ಯಾವ ಬ್ರಾಕೆಟ್ ಹೋಯಿತು, ಯಾವುದು ಹೊಸದಾಗಿ ಬಂತು ಎಂದು ಪ್ಯಾರಾ ಸಂಖ್ಯೆ ಸಮೇತ ಗುರುತು ಹಾಕುತ್ತೇನೆ. ಆಮೇಲೆ ಕ್ರಿಯಾಪದ: ‘ಶಲ್’ ಕಟ್ಟಿಹಾಕುತ್ತದೆ, ‘ಶುಡ್’ ಸಡಿಲ ಬಿಡುತ್ತದೆ. 2015ರಲ್ಲಿ ಪ್ಯಾರಿಸ್ ಒಪ್ಪಂದದ ಕೊನೆಯ ಗಳಿಗೆ ಎಳೆದಾಡಿದ್ದೇ 4.4ನೇ ವಿಧಿಯಲ್ಲಿ ನುಸುಳಿದ್ದ ಒಂದು ‘ಶಲ್’ನಿಂದ, ಅದನ್ನು ‘ಶುಡ್’ ಮಾಡಿದ ಮೇಲೆಯೇ ಅಂಗೀಕಾರದ ಸುತ್ತಿಗೆ ಬಿದ್ದದ್ದು.

ಬಾಗಿಲುಗಳ ವಿಷಯ. ಒಂದೊಂದು ವಿಷಯದ ಮೇಲೆ ದೇಶಗಳು ಚರ್ಚಿಸುವ ‘ಕಾಂಟ್ಯಾಕ್ಟ್ ಗ್ರೂಪ್’ ಸಭೆಗೆ ವೀಕ್ಷಕರು ಕೂರಬಹುದು, ಮೂರನೇ ಒಂದು ಭಾಗದಷ್ಟು ದೇಶಗಳು ಬೇಡವೆನ್ನದಿದ್ದರೆ. ಅನೌಪಚಾರಿಕ ಸಮಾಲೋಚನೆಗಳಲ್ಲಿ ಮೊದಲ ಮತ್ತು ಕೊನೆಯ ಸಭೆಗಳಾದರೂ ತೆರೆದಿರಬೇಕೆಂಬ ಶಿಫಾರಸು ಇದೆ. ನಡುವಿನದ್ದು ಅವರವರ ಮರ್ಜಿ. ಹೊರಗೆ ಹೋಗಿ ಎಂದರೆ ವಾದ ಮಾಡದೆ ಏಳಿ. ಒಳಗೆ ಬಿಟ್ಟಾಗಲೂ ರೆಕಾರ್ಡ್ ಮಾಡಬೇಡಿ, ಫೋಟೋ ತೆಗೆಯಬೇಡಿ. ಒಬ್ಬರ ಚಪಲಕ್ಕೆ ಎಲ್ಲರ ಬಾಗಿಲೂ ಮುಚ್ಚಬಹುದು.

ಪೂರ್ಣಾಧಿವೇಶನದಲ್ಲಿ ಯುವಜನರ ಅಧಿಕೃತ ಗುಂಪಾದ ‘ಯಂಗೋ’ಗೆ ಸಿಗುವುದು ಹೆಚ್ಚೆಂದರೆ ಎರಡು ನಿಮಿಷ. ನಾನು ಇಂಗ್ಲಿಷಿನಲ್ಲಿ 200 ಪದ ದಾಟಿಸುವುದಿಲ್ಲ. ಮಾತು ಇನ್ನೂ ಐದು ಭಾಷೆಗಳಿಗೆ ಅಲ್ಲಲ್ಲೇ ಅನುವಾದವಾಗುತ್ತಿರುತ್ತದೆ. ನೀವು ಓದುವಾಗ ಓಡಿದರೆ ಅನುವಾದಕರು ಬಿಡುವುದು ನಿಮ್ಮ ಅಂಕಿಗಳನ್ನೇ. ಪ್ರತಿಯನ್ನು ಮೊದಲೇ ಕೊಟ್ಟಿರಬೇಕು. ಅಧ್ಯಕ್ಷರು ‘ಒಂದೇ ನಿಮಿಷ’ ಎಂದುಬಿಟ್ಟರೆ ಓದಬೇಕಾದ ಸಾಲುಗಳಿಗೆ ಅಡಿಗೆರೆ ಹಾಕಿಟ್ಟಿರುತ್ತೇನೆ. ಬೇಡಿಕೆ ಮೊದಲ ವಾಕ್ಯದಲ್ಲೇ ಇರಲಿ. ‘ನಾವು ನಾಳಿನ ಪ್ರಜೆಗಳು’ ಎಂಬ ಪೀಠಿಕೆಯನ್ನು ಅಲ್ಲಿ ಯಾರೂ ಬರೆದುಕೊಳ್ಳುವುದಿಲ್ಲ.

ಸಂಧಾನಕಾರರನ್ನು ಮಾತಾಡಿಸಲು ನನಗೆ ಹೊಂದುವ ಹೊತ್ತು ಸಭೆ ಮುಗಿದು ಅವರು ಚೀಲ ಕಟ್ಟುವಾಗ. ನಾಲ್ಕೈದು ಮಂದಿ ತಲೆ ಸೇರಿಸಿ ನಿಂತಿದ್ದರೆ ಹತ್ತಿರ ಹೋಗುವುದಿಲ್ಲ. ಅಲ್ಲೇ ಪಠ್ಯ ಹುಟ್ಟುತ್ತಿರುತ್ತದೆ. ‘ನಮ್ಮ ದೇಶದ ನಿಲುವೇನು ಸರ್?’ ಎಂದರೆ ಪತ್ರಿಕಾ ಹೇಳಿಕೆಯಂಥ ಉತ್ತರ ಬರುತ್ತದೆ. ‘7ನೇ ಪ್ಯಾರಾದ ಎರಡನೇ ಬ್ರಾಕೆಟ್ ನಿಮಗೆ ಯಾಕೆ ತೊಡಕು ಮೇಡಂ?’ ಎಂದರೆ ಎರಡು ನಿಮಿಷ ನಿಲ್ಲುತ್ತಾರೆ. ಆಗ ಕೊಡಲು ಒಂದೇ ಹಾಳೆ, ಅದರಲ್ಲಿ ಮೂರು ಸಾಲಿನ ಬದಲಿ ಪಠ್ಯ.

ಘೋಷಣೆ, ಬ್ಯಾನರ್ ಏನಿದ್ದರೂ ಹವಾಮಾನ ಒಪ್ಪಂದದ ಸಚಿವಾಲಯದ ಅನುಮತಿ ಮೊದಲೇ ಬೇಕು, ದೇಶದ ಹೆಸರು ಹಾಕುವಂತಿಲ್ಲ. ಮೀರಿದರೆ ಬ್ಯಾಡ್ಜ್ ಹೋಗುತ್ತದೆ.

ಅಧಿಕೃತ ವೇಳೆ ಬೆಳಿಗ್ಗೆ 10ರಿಂದ 1, ಮಧ್ಯಾಹ್ನ 3ರಿಂದ 6. ಎರಡನೇ ವಾರ ಅದು ಕಾಗದದ ಮೇಲಷ್ಟೇ. ಎಷ್ಟೇ ಹೊತ್ತಾಗಲಿ, ಆ ದಿನದ ಟಿಪ್ಪಣಿಯನ್ನು ಮಲಗುವ ಮೊದಲೇ ಊರಿನ ತಂಡಕ್ಕೆ ಕಳಿಸುತ್ತೇನೆ. ಬೆಳಿಗ್ಗೆ ಹೊಸ ಕರಡು ಬಂದಿರುತ್ತದೆ, ಪ್ಯಾರಾ ಸಂಖ್ಯೆಗಳೇ ಬದಲಾಗಿರುತ್ತವೆ.