ಕುಕ್ಕರಿನ್ಯಾಗ ತತ್ತಿ ಮೆತ್ತಗ ಬೇಯಿಸೂದು ಹ್ಯಾಂಗ

ನಮ್ಮ ಬಾಗಲಕೋಟಿ ಕಡೆ ತತ್ತಿ ಕುದಸೂದಂದ್ರ ಕುಕ್ಕರಿಗೆ ಹಾಕಿ ಎರಡ್ ಸೀಟಿ ಹೊಡಸಿ ಇಳಸೂದು. ಗಟ್ಟಿ ತತ್ತಿ ಬೇಕಾದ್ರ ನಡೀತೈತಿ, ಆದ್ರ ಒಳಗಿನ ಹಳದಿ ಜೇನತುಪ್ಪದಂಗ ಇರಬೇಕಂದ್ರ ಸೀಟಿ ಲೆಕ್ಕಾ ಬಿಟ್ಟು ಗಡಿಯಾರ ನೋಡ್ರಿ. ಸೀಟಿ ಯಾವಾಗ ಹೊಡೀತೈತಿ ಅನ್ನೂದು ನೀರು, ಉರಿ, ಕುಕ್ಕರಿನ ಸೈಜಿನ ಮ್ಯಾಲ ಹೋಗ್ತೈತಿ, ಮತ್ತ ಪ್ರೆಶರ್ ತುಂಬಿದ್ರ ಒಳಗ ಸುಮಾರು 120 ಡಿಗ್ರಿ ಕಾವು ಆಗ್ತೈತಿ. ಹಳದಿ 65 ಡಿಗ್ರಿ ಹತ್ರ ದಪ್ಪ ಆಗಾಕ ಸುರು ಆಗಿ 70 ದಾಟಿದ್ರ ಗಟ್ಟಿ ಆಗ್ತೈತಿ, ಬಿಳಿ ಪೂರ್ತಿ ಗಟ್ಟಿ ಆಗಾಕ 80ರ ಹತ್ರ ಬೇಕು. ಅಂದ್ರ ಬಿಳಿ ಬೆಂದಿರಬೇಕು, ಕಾವು ನಡುವಿನ ತನಕ ಮುಟ್ಟಿರಬಾರದು.

ಅದಕ್ಕ ವೇಟ್ ತಗದು ಬರೇ ಉಗಿಯೊಳಗ ಬೇಯಿಸ್ರಿ. ಕುಕ್ಕರಿಗೆ ಒಂದೂವರಿ ಗ್ಲಾಸ್ ನೀರು ಹಾಕಿ, ತೂತಿನ ಪ್ಲೇಟ್ ನೀರಿನ ಮ್ಯಾಲ ಬರೂವಂಗ ಇಟ್ಟು, ಮುಚ್ಚಳ ಹಾಕಿ ಕಾಸ್ರಿ. ಅಲ್ಯೂಮಿನಿಯಂ ಕುಕ್ಕರ್ ಇದ್ರ ನಿಂಬಿಹಣ್ಣಿನ ಸಿಪ್ಪಿ ಒಂದು ಹಾಕ್ರಿ, ಒಳಗ ಕರ್ರಗಾಗೂದಿಲ್ಲ. ನಳಗಿಯಿಂದ ಉಗಿ ಜೋರಾಗಿ ಬರಾಕ ಹತ್ತಿದ ಮ್ಯಾಲ ಉರಿ ಸಣ್ಣ ಮಾಡಿ, ಮುಖ ದೂರ ಹಿಡಿದು ಮುಚ್ಚಳ ತಗದು, ಚಮಚದಿಂದ ತತ್ತಿ ಮೆಲ್ಲಕ ಇಟ್ಟು, ಮತ್ತ ಮುಚ್ಚಿ ಮಧ್ಯಮ ಉರಿಯೊಳಗ ಆರೂವರಿ ನಿಮಿಷ ಇಡ್ರಿ. ವೇಟ್ ಮಾತ್ರ ಹಾಕಬ್ಯಾಡ್ರಿ. ಫಾರ್ಮ್ ತತ್ತಿಗೆ ಈ ಲೆಕ್ಕ, ಜವಾರಿ ಕೋಳಿ ತತ್ತಿ ಸಣ್ಣದು ಇರ್ತೈತಿ, ಅದಕ್ಕ ಒಂದು ನಿಮಿಷ ಕಡಿಮಿ ಸಾಕು, ಫ್ರಿಜ್ಜಿನಿಂದ ತಗದ ಕೂಡ್ಲೇ ಹಾಕ್ತಿದ್ರ ಅರ್ಧ ನಿಮಿಷ ಹೆಚ್ಚು. ಮೊದಲ ಒಂದೇ ತತ್ತಿ ಹಾಕಿ ನೋಡಿ ನಿಮ್ಮ ಒಲಿಗೆ ತಕ್ಕಂಗ ಟೈಮ್ ಹೊಂದಿಸಿಕೊಳ್ರಿ.

ಟೈಮ್ ಆತಂದ್ರ ತಡ ಮಾಡದ ತತ್ತಿ ತಗದು ತಣ್ಣೀರಿಗೆ ಹಾಕ್ರಿ, ತತ್ತಿ ಒಳಗಿನ ಕಾವು ಹೊರಗ ತಗದ ಮ್ಯಾಲೂ ಬೇಯಿಸ್ತನ ಇರ್ತೈತಿ. ಬ್ಯಾಸಗಿಯೊಳಗ ನಮ್ಮಲ್ಲಿ ನಳದ ನೀರೇ ಬಿಸಿ ಬರ್ತಾವ, ಅದ್ರಾಗ ಹಾಕಿದ್ರ ಉಪಯೋಗ ಇಲ್ಲ, ಐಸ್ ಹಾಕಿದ ನೀರು ಇಲ್ಲಾ ಮಣ್ಣಿನ ಗಡಿಗಿ ನೀರು ಮೊದಲ ತಯಾರ ಇಟ್ಟುಕೊಂಡಿರ್ರಿ.

ಕರೆಂಟಿನ ಕುಕ್ಕರ್ ಇದ್ದವರಿಗೆ ಇನ್ನೂ ಸಲೀಸು, ಒಂದು ಕಪ್ ನೀರು, ಸ್ಟ್ಯಾಂಡ್ ಮ್ಯಾಲ ತತ್ತಿ, ಲೋ ಪ್ರೆಶರ್ 3 ನಿಮಿಷ, ಮುಗದ ಕೂಡ್ಲೇ ವಾಲ್ವ್ ತಗದು ಉಗಿ ಬಿಡ್ರಿ. ಪ್ರೆಶರ್ ಪೂರ್ತಿ ಇಳಿಯೂ ತನಕ ಮುಚ್ಚಳಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ.

ಸಿಪ್ಪಿ ಸುಲಿಯೂದರ ಬಗ್ಗೆ ಹೇಳೂದಾದ್ರ, ಅವತ್ತೇ ಇಟ್ಟ ತತ್ತಿಗಿಂತ ಒಂದು ವಾರ ಆದದ್ದು ಚಂದ ಸುಲೀತೈತಿ, ದಿನಾ ಹೋದಂಗ ಒಳಗಿನ ಕಾರ್ಬನ್ ಡೈಆಕ್ಸೈಡ್ ಹೊರಗ ಹೋಗಿ ಬಿಳಿ ಭಾಗ ಪೊರಿಗೆ ಅಂಟೂದು ಕಡಿಮಿ ಆಗ್ತೈತಿ. ಬಿಸಿ ಉಗಿಗೆ ಒಮ್ಮೆಲೇ ಇಟ್ಟಿದ್ದೂ ಇದಕ್ಕ ಸಹಾಯ ಮಾಡ್ತೈತಿ. ದಪ್ಪ ತುದಿ ಕಡಿಂದ ಬಡದು ನೀರಿನೊಳಗ ಸುಲೀರಿ.

ಬಸುರಿ ಹೆಣ್ಣಮಕ್ಕಳಿಗೆ, ಸಣ್ಣ ಕೂಸುಗಳಿಗೆ, ವಯಸ್ಸಾದವರಿಗೆ ಮೆತ್ತನ ಹಳದಿ ಕೊಡಬ್ಯಾಡ್ರಿ, ಸಾಲ್ಮೊನೆಲ್ಲಾ ಅನ್ನೂ ಬ್ಯಾಕ್ಟೀರಿಯಾ ಇರಬಹುದು, ಅವರಿಗೆ 12 ನಿಮಿಷ ಬೇಯಿಸಿ ಗಟ್ಟಿ ಮಾಡಿ ಕೊಡ್ರಿ. ಉಳಿದವರು ಜ್ವಾಳದ ರೊಟ್ಟಿ ಮುರದು, ತತ್ತಿ ಒಡದು ಮ್ಯಾಲ ಶೇಂಗಾ ಚಟ್ನಿಪುಡಿ ಉದುರಿಸಿ ಬಿಸಿ ಇರೂವಾಗನ ತಿನ್ರಿ.