ಗಿಡ್ಡ ತೋಳಿನವನು ಒಳಗೆ ನುಗ್ಗಬೇಕು: ಮಾರ್ಸಿಯಾನೋ ನೋಡಿ ನಾನು ಕಲಿತದ್ದು

ನಾನು ಬಾಕ್ಸಿಂಗ್ ಆಡುವ ತೂಕದ ವರ್ಗದಲ್ಲಿ ಹೆಚ್ಚಿನವರು ನನಗಿಂತ ಎತ್ತರ, ತೋಳೂ ಉದ್ದ. ದೂರದಲ್ಲಿ ನಿಂತು, ಮುಂದಿನ ಕೈಯನ್ನು ನೇರ ಚಾಚಿ ಹೊಡೆಯುವ ಜಾಬ್‌ಗೆ ಜಾಬ್ ಹೊಡೆಯಲು ಹೋದರೆ ಅವರ ಪಂಚ್ ಬೀಳುತ್ತದೆ, ನನ್ನದು ಗಾಳಿಯಲ್ಲೇ ಉಳಿಯುತ್ತದೆ. ಹಾಗಾಗಿಯೇ ನಾನು ರಾಕಿ ಮಾರ್ಸಿಯಾನೋನ ಹಳೇ ಕಪ್ಪುಬಿಳುಪು ಪಂದ್ಯಗಳನ್ನು ಹಚ್ಚಿಕೊಂಡೆ. ಹೆವಿವೇಟ್ ಚಾಂಪಿಯನ್ ಆಗಿದ್ದರೂ ಅವನ ರೀಚ್ (ಅಗಲಕ್ಕೆ ಚಾಚಿದ ಎರಡೂ ಕೈಗಳ ತುದಿಯಿಂದ ತುದಿಯ ಅಳತೆ) ಸುಮಾರು 68 ಇಂಚು ಅಷ್ಟೇ. ಆಡಿದ 49 ಪಂದ್ಯಗಳಲ್ಲಿ 49ನ್ನೂ ಗೆದ್ದ, ಅದರಲ್ಲಿ 43 ನಾಕೌಟ್, ಅಂದರೆ ಅಂಕದ ಲೆಕ್ಕಕ್ಕೆ ಹೋಗದೆ ಪಂದ್ಯ ಅಲ್ಲೇ ಮುಗಿಸಿದ್ದು.

ಅತಿ ಹೆಚ್ಚು ಸಲ ನೋಡಿದ್ದು 1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ನಡೆದ ಪಂದ್ಯ. ಎದುರಿಗೆ ಚಾಂಪಿಯನ್ ಜೆರ್ಸಿ ಜೋ ವಾಲ್ಕಾಟ್. ಮೊದಲ ರೌಂಡಿನಲ್ಲೇ ವಾಲ್ಕಾಟ್‌ನ ಎಡ ಹುಕ್ (ಮೊಣಕೈ ಮಡಚಿ ಪಕ್ಕದಿಂದ ಬೀಸುವ ಪಂಚ್) ತಿಂದು ಮಾರ್ಸಿಯಾನೋ ನೆಲಕ್ಕೆ ಬೀಳುತ್ತಾನೆ. 12 ರೌಂಡ್ ಮುಗಿದಾಗ ಅಂಕ ಬರೆಯುವ ಮೂವರ ಪಟ್ಟಿಯಲ್ಲೂ ಹಿಂದೆ ಬಿದ್ದಿದ್ದಾನೆ. 13ರಲ್ಲಿ ವಾಲ್ಕಾಟ್ ರಿಂಗಿನ ಹಗ್ಗದ ಕಡೆ ಸರಿದ. ಇಬ್ಬರೂ ಒಟ್ಟಿಗೇ ಬಲಗೈ ಬಿಟ್ಟರು. ಮಾರ್ಸಿಯಾನೋನದು ತೀರಾ ಗಿಡ್ಡ ಪಂಚ್, ಅದೇ ಮೊದಲು ದವಡೆಗೆ ತಾಗಿತು. ವಾಲ್ಕಾಟ್‌ನ ಎಡತೋಳು ಹಗ್ಗಕ್ಕೆ ಸಿಕ್ಕಿಕೊಂಡಿತು, ಮೊಣಕಾಲೂರಿ ಹಾಗೇ ಕುಸಿದ. ಆ ತುಣುಕನ್ನು ನಿಧಾನಗತಿಯಲ್ಲಿ ಹಾಕಿ, ಮುಷ್ಟಿಯನ್ನು ಬಿಟ್ಟು ಕಾಲುಗಳನ್ನೇ ನೋಡಿದೆ. ಪಂಚ್ ಹೊರಡುವ ಹೊತ್ತಿಗಾಗಲೇ ಅವನು ಹತ್ತಿರ ಬಂದು ನಿಂತಾಗಿದೆ. ಕೈಗೆ ಉಳಿದ ಕೆಲಸ ಬಹಳ ಕಡಿಮೆ.

ಆಮೇಲೆ ಜಿಮ್ಮಿನಲ್ಲಿ ಎರಡು ಕಂಬಗಳ ನಡುವೆ ಭುಜದ ಎತ್ತರಕ್ಕೆ ಹಗ್ಗ ಕಟ್ಟಿದೆ. ಅದರಡಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ತಗ್ಗಿಸಿ ದಾಟುತ್ತಾ ಮುಂದೆ ಹೋಗುವುದು. ಸೊಂಟ ಬಗ್ಗಿಸುವಂತಿಲ್ಲ, ಮಂಡಿಯನ್ನೇ ಮಡಚಬೇಕು. ಸೊಂಟ ಬಗ್ಗಿಸಿದರೆ ಕಣ್ಣು ನೆಲ ನೋಡುತ್ತದೆ, ಅಪ್ಪರ್‌ಕಟ್ (ಕೆಳಗಿನಿಂದ ಮೇಲಕ್ಕೆ ಎತ್ತಿ ಹೊಡೆಯುವ ಪಂಚ್) ಬಂದದ್ದೇ ಗೊತ್ತಾಗುವುದಿಲ್ಲ. ಹಗ್ಗದಾಚೆ ತಲೆ ಎತ್ತುವಾಗಲೇ ಪಕ್ಕೆಗೊಂದು ಹುಕ್, ಹಿಂದೆಯೇ ಬಲಗೈ. ತೊಡೆ ಉರಿದುಹೋಗುತ್ತದೆ. ಉರಿಯಲಿ, ಮೂರನೇ ರೌಂಡಿನಲ್ಲಿ ಒಳಗೆ ಹೊಕ್ಕುವ ಶಕ್ತಿ ಬರುವುದು ಆ ತೊಡೆಯಿಂದಲೇ.

ಮುಂದಿನ ಹಂತಕ್ಕೆ ಉದ್ದ ತೋಳಿನ ಗೆಳೆಯನೊಬ್ಬ ಬರೀ ಜಾಬ್ ಹೊಡೆಯುತ್ತಿದ್ದ. ತಲೆಯನ್ನು ಜಾಬ್‌ನ ಹೊರಬದಿಗೆ ಸರಿಸಿ, ನನ್ನ ಹಣೆ ಅವನ ಎದೆಯ ಹತ್ತಿರ ಬರುವವರೆಗೆ ನಾನು ಕೈ ಎತ್ತುವಂತಿರಲಿಲ್ಲ. ಒಳಗೆ ಹೋದ ಮೇಲೆ ಉದ್ದ ತೋಳೇ ಅವನಿಗೆ ಭಾರ.

ಎಲ್ಲವನ್ನೂ ಹಾಗೇ ಎತ್ತಿಕೊಳ್ಳಲು ಬರುವುದಿಲ್ಲ. ನಾನು ಆಡುವ ಅಮೆಚೂರ್ (ಹವ್ಯಾಸಿ) ಪಂದ್ಯ ಮೂರು ನಿಮಿಷದ ಮೂರು ರೌಂಡ್. 13ನೇ ರೌಂಡಿಗೆ ಕಾಯುವ ಮಾತೇ ಇಲ್ಲ. ಎದುರಾಳಿಯ ಬೆಲ್ಟಿಗಿಂತ ಕೆಳಗೆ ತಲೆ ತಗ್ಗಿಸಿದರೆ ರೆಫರಿ ಫೌಲ್ ಕೊಡುತ್ತಾರೆ. 1953ರಲ್ಲಿ ರೋಲಂಡ್ ಲಾಸ್ಟಾರ್ಜಾನ ತೋಳುಗಳ ಮೇಲೇ ಬಡಿದು ಬಡಿದು ಅವನ ಗಾರ್ಡನ್ನು (ಹೊಡೆತ ತಡೆಯಲು ಎತ್ತಿ ಹಿಡಿದ ಕೈಗಳನ್ನು) ಮಾರ್ಸಿಯಾನೋ ಕೆಡವಿದ್ದ. ನಮ್ಮಲ್ಲಿ ತೋಳಿಗೆ ಬಿದ್ದ ಪಂಚಿಗೆ ಅಂಕವಿಲ್ಲ. ನಾನು ಉಳಿಸಿಕೊಂಡದ್ದು ಮಂಡಿ, ತಲೆಯ ಜಾಗ, ಪಕ್ಕೆಯ ಹುಕ್.

ಮಾರ್ಸಿಯಾನೋ ಹೊಡೆದದ್ದೆಲ್ಲ ಮುದುಕರನ್ನು ಎನ್ನುವವರಿದ್ದಾರೆ. ಜೋ ಲೂಯಿಸ್‌ಗೆ 37, ವಾಲ್ಕಾಟ್‌ಗೆ 38 ಆಗಿತ್ತು, ನಿಜ. ಆದರೆ 1954ರ ಜೂನ್‌ನಲ್ಲಿ ಎಝರ್ಡ್ ಚಾರ್ಲ್ಸ್ ಜೊತೆ ಪೂರ್ತಿ 15 ರೌಂಡ್ ಆಡಿದವನು, ಸೆಪ್ಟೆಂಬರ್‌ನಲ್ಲಿ ಮೂಗು ಸೀಳಿ ರಕ್ತ ಸುರಿಯುತ್ತಿದ್ದರೂ ಎಂಟನೇ ರೌಂಡಿನಲ್ಲಿ ಅವನನ್ನೇ ಮಲಗಿಸಿದ. ಫ್ಲಾಯ್ಡ್ ಮೇವೆದರ್‌ನ ಸೋಲಿಲ್ಲದ ಗೆಲುವಿನ ಲೆಕ್ಕ 49 ದಾಟಿ 50 ಮುಟ್ಟಿದ್ದು 2017ರಲ್ಲಿ, ಅದಕ್ಕೆ ಮುಂಚೆ ಒಂದೂ ವೃತ್ತಿಪರ ಬಾಕ್ಸಿಂಗ್ ಪಂದ್ಯ ಆಡಿರದ ಕಾನರ್ ಮೆಕ್‌ಗ್ರೆಗರ್ ಎದುರು. ನನಗೆ ಆ 49ರ ತೂಕವೇ ಹೆಚ್ಚು. ಸೋಲದೆ 48 ಗೆದ್ದು ಅದರ ಬಾಗಿಲಿಗೆ ಬಂದಿದ್ದ ಲ್ಯಾರಿ ಹೋಮ್ಸ್ 1985ರಲ್ಲಿ ಮೈಕೆಲ್ ಸ್ಪಿಂಕ್ಸ್‌ಗೆ ಸೋತ.

ಗಿಡ್ಡ ತೋಳಿನ ಹುಡುಗ ಹುಡುಗಿಯರು ಮೊದಲು ಚಾರ್ಲ್ಸ್ ಜೊತೆಗಿನ ಜೂನ್ ಪಂದ್ಯ ನೋಡಿ. ನಾಕೌಟ್ ಇಲ್ಲದಿರುವುದರಿಂದ ಅವನು ಪ್ರತಿ ರೌಂಡಿನಲ್ಲೂ ಒಳಗೆ ಹೋಗುವ ಬಗೆ ಸಾವಕಾಶವಾಗಿ ಕಣ್ಣಿಗೆ ಸಿಗುತ್ತದೆ.