ವೆಟ್ ಪ್ಯಾಲೆಟ್: ಡಬ್ಬಿ ಯಾವುದಾದರೂ ಸರಿ, ಪೇಪರ್ ಮತ್ತು ನೀರು ಸರಿಯಿರಲಿ

ಮಿನಿಯೇಚರ್‌ಗೆ, ಅಂದರೆ ಆಟದ ಸೈನಿಕರಂಥ ಪುಟ್ಟ ಗೊಂಬೆಗಳಿಗೆ, ಬಳಸುವ ಅಕ್ರಿಲಿಕ್ ಬಣ್ಣ ಬಹಳ ಬೇಗ ಒಣಗುತ್ತದೆ. ಪಿಂಗಾಣಿ ತಟ್ಟೆಯ ಮೇಲೆ ಒಂದು ಹನಿ ಹಾಕಿ, ತಲೆ ಮೇಲೆ ಫ್ಯಾನ್ ತಿರುಗುತ್ತಿದ್ದು, ಅದೂ ಏಪ್ರಿಲ್ ತಿಂಗಳ ಬೆಂಗಳೂರಾದರೆ, ಗೊಂಬೆಯ ಒಂದು ತೋಳಿಗೆ ಹಚ್ಚಿ ಮುಗಿಸುವಷ್ಟರಲ್ಲಿ ಹನಿಯ ಅಂಚಿಗೆ ಕೆನೆ ಕಟ್ಟಿರುತ್ತದೆ. ಆ ಕೆನೆಯ ಚೂರು ಬ್ರಷ್‌ಗೆ ಅಂಟಿ 28 ಮಿಲಿಮೀಟರ್ ಗೊಂಬೆಯ ಕೆನ್ನೆ ಮೇಲೆ ಕೂತರೆ ಮೊಡವೆ ಎದ್ದ ಹಾಗೆ ಕಾಣುತ್ತದೆ. ವೆಟ್ ಪ್ಯಾಲೆಟ್ ಇರುವುದು ಇದನ್ನು ತಪ್ಪಿಸುವುದಕ್ಕೆ.

ಕೆಲಸ ಮಾಡುವ ರೀತಿ ಸರಳ. ಗಾಳಿಯಾಡದ ಡಬ್ಬಿ, ಅದರೊಳಗೆ ಒದ್ದೆ ಸ್ಪಂಜು, ಸ್ಪಂಜಿನ ಮೇಲೆ ಪೇಪರ್, ಪೇಪರ್ ಮೇಲೆ ಬಣ್ಣ. ಬಣ್ಣದಿಂದ ನೀರು ಆವಿಯಾಗಿ ಹೋದಷ್ಟೂ ಕೆಳಗಿನಿಂದ ಪೇಪರ್ ಮೂಲಕ ಸ್ವಲ್ಪ ಸ್ವಲ್ಪವೇ ನೀರು ಮೇಲೆ ಬರುತ್ತಿರುತ್ತದೆ. ಅಷ್ಟೇ.

ರೆಡ್‌ಗ್ರಾಸ್, ಆರ್ಮಿ ಪೇಂಟರ್ ಕಂಪನಿಗಳ ರೆಡಿ ಪ್ಯಾಲೆಟ್ ಸಿಗುತ್ತವೆ, ಚೆನ್ನಾಗಿಯೂ ಇವೆ. ಆದರೆ ಮೊದಲನೆಯದನ್ನು ಮನೆಯಲ್ಲೇ ಮಾಡಿ ನೋಡಿ, ಸುಮ್ನೆ ದುಡ್ಡು ಯಾಕೆ? ಅಗಲವಾಗಿರುವ, ಎತ್ತರ ಕಡಿಮೆ ಇರುವ, ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿ ಸಾಕು. ಆಳವಾದ ಡಬ್ಬಿ ಬೇಡ, ಬ್ರಷ್ ಹಿಡಿದ ಕೈ ಅಂಚಿಗೆ ತಾಗುತ್ತಿರುತ್ತದೆ. ಸ್ಪಂಜಿನ ಬದಲು ಅಡುಗೆಮನೆಯ ಟಿಶ್ಯೂ ನಾಲ್ಕೈದು ಪದರ ಮಡಚಿ ಹಾಸಿದರೂ ನಡೆಯುತ್ತದೆ. ನನಗಂತೂ ಟಿಶ್ಯೂನೇ ಇಷ್ಟ, ಕೊಳಕಾದರೆ ಎಸೆದು ಹೊಸದು ಹಾಕಬಹುದು.

ಈಗ ಪೇಪರ್. ಜಾಸ್ತಿ ಜನ ಎಡವುವುದು ಇಲ್ಲೇ. ನಮ್ಮ ಕಡೆ ಅಂಗಡಿಯಲ್ಲಿ ಬಟರ್ ಪೇಪರ್ ಅಂತ ಕೇಳಿದರೆ ಏನು ಬೇಕಾದರೂ ಕೊಡುತ್ತಾರೆ. ಸ್ಟೇಷನರಿ ಅಂಗಡಿಯಲ್ಲಿ ಟ್ರೇಸಿಂಗ್ ಶೀಟ್ ಬರುತ್ತದೆ, ಇನ್ನೊಂದು ಕಡೆ ಮೇಣ ಸವರಿದ ಪೇಪರ್ ಬರುತ್ತದೆ. ಮೇಣದ್ದು ನೀರನ್ನು ಬಿಡುವುದೇ ಇಲ್ಲ, ಅದರ ಮೇಲೆ ಬಣ್ಣ ತಟ್ಟೆಯಲ್ಲಿ ಒಣಗಿದ ಹಾಗೇ ಒಣಗುತ್ತದೆ. ನಮಗೆ ಬೇಕಾದದ್ದು ಕೇಕ್ ಬೇಯಿಸುವಾಗ ಟ್ರೇಗೆ ಹಾಸುವ ಬೇಕಿಂಗ್ ಪೇಪರ್. ಒಂದು ತುಂಡು ಕತ್ತರಿಸಿ, ಬಿಸಿ ನೀರಿನಲ್ಲಿ ಹತ್ತು ನಿಮಿಷ ನೆನೆಸಿ. ನೆನೆಸಿದರೆ ಸುರುಳಿ ಹೋಗಿ ಮೆತ್ತಗೆ ಕೂರುತ್ತದೆ. ನಂಬಿಕೆ ಇಲ್ಲದಿದ್ದರೆ ಒದ್ದೆ ಟಿಶ್ಯೂ ಮೇಲೆ ಹಾಸಿ ಒಂದು ಹನಿ ಬಣ್ಣ ಬಿಟ್ಟು, ಊಟ ಮುಗಿಸಿ ಬಂದು ನೋಡಿ. ಇನ್ನೂ ಹಸಿ ಇದ್ದರೆ ಆ ರೋಲ್ ನಿಮ್ಮದು. ಒಣಗಿದ್ದರೆ ಅದನ್ನು ಅಡುಗೆಮನೆಗೇ ವಾಪಸ್ ಕೊಡಿ.

ನೀರಿನ ವಿಷಯಕ್ಕೆ ಬರೋಣ. ಹೆಸರಲ್ಲಿ ‘ವೆಟ್’ ಇದೆ ಅಂತ ಕೆರೆ ಮಾಡಬೇಡಿ. ಸ್ಪಂಜು ಪೂರ್ತಿ ನೆನೆಯಬೇಕು, ಆದರೆ ಅದರ ಮೇಲೆ ನೀರು ನಿಲ್ಲಬಾರದು. ಡಬ್ಬಿಯನ್ನು ಓರೆ ಮಾಡಿದಾಗ ಮೂಲೆಯಲ್ಲಿ ನೀರು ಗುಡ್ಡೆಯಾದರೆ ಅದನ್ನು ಚೆಲ್ಲಿ. ಪೇಪರ್ ಹಾಸಿ, ನಡುವಿನಿಂದ ಅಂಚಿಗೆ ಬೆರಳಿನಿಂದ ಸವರಿ ಗುಳ್ಳೆಗಳನ್ನು ಹೊರಗೆ ತಳ್ಳಿ, ಯಾಕೆಂದರೆ ಗುಳ್ಳೆ ಇರುವ ಜಾಗಕ್ಕೆ ನೀರು ಏರುವುದಿಲ್ಲ. ಆಮೇಲೆ ಪೇಪರನ್ನು ಲೈಟಿನ ಕೆಳಗೆ ಹಿಡಿದು ನೋಡಿ: ಮೇಲ್ಮೈ ಮಂಕಾಗಿ ಒದ್ದೆ ಕಾಣಬೇಕು, ಮಿರಮಿರ ಹೊಳೆಯಬಾರದು. ಹೊಳೆದರೆ ಒಂದು ಟಿಶ್ಯೂ ಒತ್ತಿ ಹೀರಿಸಿ. ಬೋರ್‌ವೆಲ್ ನೀರು ಬೇಡ, ಅದರ ಉಪ್ಪು ಬಿಳಿ ಕಲೆಯಾಗಿ ಉಳಿಯುತ್ತದೆ. ಫಿಲ್ಟರ್ ನೀರು ಸಾಕು.

ಬಣ್ಣ ಹಾಕುವುದು. ಡ್ರಾಪರ್ ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಿ, ಇಲ್ಲದಿದ್ದರೆ ಬಣ್ಣದ ಬದಲು ಬರೀ ತಿಳಿ ದ್ರವ ಬೀಳುತ್ತದೆ. ಸಿಟಡೆಲ್ ಕಂಪನಿಯ ಬಣ್ಣದ ಡಬ್ಬಿಯಿಂದಾದರೆ ಹಳೇ ಬ್ರಷ್‌ನಲ್ಲಿ ತೆಗೆದು ಹಾಕಿ. ತಕ್ಷಣ ನೀರು ಬೆರೆಸಲು ಹೋಗಬೇಡಿ. ಪ್ಯಾಲೆಟ್ ತಾನೇ ನಿಧಾನಕ್ಕೆ ಬಣ್ಣವನ್ನು ತೆಳು ಮಾಡುತ್ತಿರುತ್ತದೆ.

ಇದರ ನಿಜವಾದ ಮಜಾ ಇರುವುದು ಬಣ್ಣ ಬೆರೆಸುವುದರಲ್ಲಿ. ಒಂದು ಕೆಂಪು ನಿಲುವಂಗಿ ಅಂದುಕೊಳ್ಳಿ. ಖೋರ್ನ್ ರೆಡ್, ಮೆಫಿಸ್ಟನ್ ರೆಡ್, ಈವಿಲ್ ಸನ್ಜ್ ಸ್ಕಾರ್ಲೆಟ್ ಎಂಬ ಸಿಟಡೆಲ್ ಕೆಂಪು ಬಣ್ಣ ಮೂರನ್ನೂ ಎರಡು ಬೆರಳಿನಷ್ಟು ಅಂತರದಲ್ಲಿ ಸಾಲಾಗಿ ಇಡಿ. ಮೊದಲನೆಯದರಿಂದ ಸ್ವಲ್ಪ ಎಳೆದು ಎರಡನೆಯದಕ್ಕೆ ಸೇರಿಸಿ, ಎರಡನೆಯದರಿಂದ ಮೂರನೆಯದಕ್ಕೆ. ಈಗ ಪೇಪರ್ ಮೇಲೆ ಗಾಢ ಕೆಂಪಿನಿಂದ ಉಜ್ವಲ ಕೆಂಪಿನವರೆಗೆ ಒಂದು ಪಟ್ಟಿ ಸಿದ್ಧವಾಯಿತು. ಮಡಿಕೆಯ ಆಳಕ್ಕೆ ಎಡಗಡೆಯಿಂದ ಬಣ್ಣ ತೆಗೆಯಿರಿ, ಅಂಚಿಗೆ ಹೋದಂತೆ ಬಲಕ್ಕೆ ಸರಿಯಿರಿ. ತಟ್ಟೆಯಲ್ಲಾದರೆ ನಡುವಿನ ಛಾಯೆ ಒಣಗಿಹೋಗಿ ಮತ್ತೆ ಅದೇ ಬಣ್ಣ ಕಲೆಸಲು ಪರದಾಡಬೇಕು. ಇಲ್ಲಿ ಅರ್ಧ ಗಂಟೆ ಬಿಟ್ಟು ಬಂದರೂ ಅದು ಅಲ್ಲೇ ಹಸಿಯಾಗಿ ಇರುತ್ತದೆ. ಬಣ್ಣ ತೆಗೆದ ಮೇಲೆ ಬ್ರಷ್‌ನ ಹೊಟ್ಟೆಯನ್ನು ಒಮ್ಮೆ ಟಿಶ್ಯೂಗೆ ತಾಗಿಸುವುದನ್ನು ಮರೆಯಬೇಡಿ. ಪ್ಯಾಲೆಟ್‌ನಿಂದ ಬ್ರಷ್ ಸಿಕ್ಕಾಪಟ್ಟೆ ನೀರು ಕುಡಿದಿರುತ್ತದೆ, ಹಾಗೇ ಗೊಂಬೆಗೆ ಇಟ್ಟರೆ ಬಣ್ಣ ಮಡಿಕೆಯೊಳಗೆ ಹರಿದು ಹೋಗುತ್ತದೆ.

ಎಲ್ಲಾ ಬಣ್ಣಕ್ಕೂ ಇದು ಹೊಂದುವುದಿಲ್ಲ. ಚಿನ್ನ, ಬೆಳ್ಳಿಯಂಥ ಮೆಟಾಲಿಕ್ ಬಣ್ಣಗಳ ಮಿನುಗುವ ಕಣಗಳು ಪೇಪರ್ ತುಂಬಾ ಓಡಾಡಿ, ಪಕ್ಕದ ಬಣ್ಣಕ್ಕೂ ಸೇರಿ, ಕೊನೆಗೆ ನಿಮ್ಮ ಸೈನಿಕನ ಮುಖ ಮಿಂಚುವ ಹಾಗೆ ಮಾಡುತ್ತವೆ. ಮಡಿಕೆಗಳಿಗೆ ಹರಿದು ನೆರಳು ಕೊಡುವ ವಾಶ್, ಕಾಂಟ್ರಾಸ್ಟ್ ಬಣ್ಣಗಳು ಮೊದಲೇ ನೀರಾಗಿರುತ್ತವೆ, ಇಲ್ಲಿ ಹಾಕಿದರೆ ಹರಡಿಕೊಂಡು ಹೋಗುತ್ತವೆ. ಬ್ರಷ್‌ನ ಬಣ್ಣವನ್ನು ಬಹುಪಾಲು ಒರೆಸಿ ಉಬ್ಬುಗಳ ಮೇಲಷ್ಟೇ ಸವರುವ ಡ್ರೈಬ್ರಶಿಂಗ್‌ಗಂತೂ ಒಣ ಬಣ್ಣವೇ ಬೇಕಲ್ವಾ? ಇವಕ್ಕೆಲ್ಲ ಒಂದು ಹಳೇ ಟೈಲ್ಸ್ ತುಂಡು ಪಕ್ಕದಲ್ಲಿ ಇಟ್ಟುಕೊಳ್ಳಿ.

ಕೆಲಸ ನಿಲ್ಲಿಸುವಾಗ ಮುಚ್ಚಳ ಹಾಕಿದರೆ ಬಣ್ಣ ಮಾರನೇ ದಿನಕ್ಕೂ, ಕೆಲವೊಮ್ಮೆ ಇನ್ನೂ ಕೆಲವು ದಿನಕ್ಕೂ ಸಿಗುತ್ತದೆ. ಬೆಳಿಗ್ಗೆ ತೆಗೆದಾಗ ಹನಿಯ ಸುತ್ತ ನೀರು ಬೇರೆಯಾಗಿ, ಬಣ್ಣ ಒಡೆದ ಹಾಗೆ ಕಂಡರೆ ಗಾಬರಿ ಬೇಡ, ಬ್ರಷ್‌ನಲ್ಲಿ ಮತ್ತೆ ಕಲಸಿದರೆ ಸರಿಹೋಗುತ್ತದೆ. ತೀರಾ ನೀರಾಗಿದ್ದರೆ ಒಂದು ಹನಿ ಹೊಸ ಬಣ್ಣ ಸೇರಿಸಿ. ಪೇಪರ್ ಮೇಲೆ ಒಣಗಿದ ಚೂರುಗಳು, ಉಜ್ಜಿ ಎದ್ದ ನಾರು ಕಾಣಿಸಿದರೆ ಪೇಪರ್ ಬದಲಿಸುವ ಹೊತ್ತು.

ಬೂಸಲು ಮಾತ್ರ ಬಂದೇ ಬರುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಕೆಲವರು ಸ್ಪಂಜಿನ ಕೆಳಗೆ ತಾಮ್ರದ ತುಂಡು ಇಡುತ್ತಾರೆ, ಇಟ್ಟರೆ ನಷ್ಟವೇನಿಲ್ಲ, ಆದರೆ ಅದನ್ನೇ ನಂಬಿ ತಿಂಗಳುಗಟ್ಟಲೆ ಡಬ್ಬಿ ತೆರೆಯದೆ ಬಿಡಬೇಡಿ. ನಾಲ್ಕು ದಿನ ಬಣ್ಣ ಹಚ್ಚುವುದಿಲ್ಲ ಅಂತ ಗೊತ್ತಿದ್ದರೆ ಪೇಪರ್ ತೆಗೆದು, ಸ್ಪಂಜು ಹಿಂಡಿ, ಸೋಪಿನಲ್ಲಿ ತೊಳೆದು ಬಿಸಿಲಿಗೆ ಹಾಕಿ. ಟಿಶ್ಯೂ ಆದರೆ ಕಸದ ಬುಟ್ಟಿಗೆ. ಡಬ್ಬಿಯನ್ನು ಮುಚ್ಚಳ ತೆರೆದೇ ಒಣಗಲು ಬಿಡಿ.